ಕೂತ ಅಸ್ಥಿಪಂಜರ ಮತ್ತು ಮಾಮನ ಬಲಗಾಲು

ನನ್ನ ಗ್ರಂಥಾಲಯದಲ್ಲಿ ಪುಸ್ತಕಗಳಿಗಿಂತ ಮೂಳೆಗಳಿಗೆ ಬೇಡಿಕೆ ಹೆಚ್ಚು. ಗಡಿಯಂಚಿನ ಮರಾಠಿ ಸೀಮೆಯ ಉದಗೀರದ ಹೊರವಲಯದಲ್ಲಿ ವೈದ್ಯಕೀಯ ಕಲಿಸುವ ಒಂದು ಕಾಲೇಜು, ಹೆಸರು ಬೇಡ. ಮೊದಲ ವರ್ಷದ ಮಕ್ಕಳು ಬಂದು, ಗುರುತಿನ ಚೀಟಿಯನ್ನು ಕೌಂಟರಿನ ಮೇಲಿಟ್ಟು, ಕಿರಾಣಿ ಅಂಗಡಿಯಲ್ಲಿ ಬೆಲ್ಲ ಕೇಳಿದ ಹಾಗೆ, ‘ಮ್ಯಾಡಮ್, ಒಂದು ತೊಡೆಮೂಳೆ, ಎಡಗಡೆದು’ ಎನ್ನುತ್ತಾರೆ. ಕೊಡುತ್ತೇನೆ. ಪುಸ್ತಕದ ಬೆನ್ನಿಗೆ ನಂಬರು ಇರುವ ಹಾಗೆ ಮೂಳೆಗೂ ಕಪ್ಪು ಶಾಯಿಯಲ್ಲಿ ನಂಬರು ಬರೆದಿದೆ. ತಡವಾಗಿ ತಂದರೆ ದಂಡ. ಪುಟ ಹರಿಯಬಾರದು ಎನ್ನುವ ಬೋರ್ಡಿನ ಪಕ್ಕದಲ್ಲೇ ಹಲ್ಲು ಕೀಳಬಾರದು ಎನ್ನುವ ಬೋರ್ಡೂ ಇದೆ. ಅದನ್ನು ಬರೆಸಿದವಳು ನಾನು, ಕಾರಣವಿದ್ದೇ ಬರೆಸಿದ್ದು.

ಒಬ್ಬ ಹುಡುಗಿ ತಲೆಬುರುಡೆಯನ್ನು ಬಾಡಿಗೆ ಕೋಣೆಯ ಟ್ರಂಕಿನಲ್ಲಿಟ್ಟಿದ್ದಳು. ಮನೆಯೊಡತಿ ಟ್ರಂಕು ತೆಗೆದಳು. ಬೇರೆಯವರ ಟ್ರಂಕು ಯಾಕೆ ತೆಗೆದೆ ಎಂದು ಅವಳನ್ನು ಯಾರೂ ಕೇಳಲಿಲ್ಲ. ಹುಡುಗಿಯನ್ನು ಮಾತ್ರ ಸಾಮಾನು ಸಮೇತ ರಸ್ತೆಗೆ ಹಾಕಿದರು. ಅವಳು ಬುರುಡೆಯನ್ನು ನನ್ನ ಮೇಜಿನ ಮೇಲಿಟ್ಟು, ‘ಇದನ್ನ ವಾಪಸ್ ತಗೋರಿ, ನನಗೊಂದು ರೂಮ್ ಹುಡುಕಿ ಕೊಡ್ರಿ’ ಎಂದಳು. ರೂಮು ಹುಡುಕಿಕೊಟ್ಟೆ. ಬುರುಡೆಯ ಬಗ್ಗೆ ಹೊಸ ಮನೆಯವರಿಗೆ ಏನು ಹೇಳಿದೆ ಎನ್ನುವುದು ಈಗ ನೆನಪಿಲ್ಲ, ಅಥವಾ ನೆನಪು ಮಾಡಿಕೊಳ್ಳುವ ಅಗತ್ಯವಿಲ್ಲ.

ಇನ್ನೊಬ್ಬ ಹುಡುಗ ಕೈಮೂಳೆಗಳ ಡಬ್ಬಿ ವಾಪಸು ತಂದಾಗ ಮಣಿಕಟ್ಟಿನ ಸಣ್ಣ ಮೂಳೆಯೊಂದು ಕಳೆದಿತ್ತು. ಅದರ ಜಾಗದಲ್ಲಿ ಒಂದು ಕಡಲೆಕಾಳು ಇತ್ತು. ಅದನ್ನು ಕಂಡುಹಿಡಿದವಳು ನಾನೇ ಎಂದು ಎಷ್ಟೋ ಜನಕ್ಕೆ ಹೇಳಿದ್ದೇನೆ. ನಮ್ಮ ಗ್ರಂಥಾಲಯದ ಸಹಾಯಕ, ಗಡಿಯಾಚೆಯ ಬೀದರ ಜಿಲ್ಲೆಯಿಂದ ಮದುವೆಯಾಗಿ ಉದಗೀರಕ್ಕೆ ಬಂದು ನೆಲೆಸಿದವನು, ತಾನೇ ಎನ್ನುತ್ತಾನೆ. ಇಬ್ಬರೂ ಸುಳ್ಳು ಹೇಳುತ್ತಿರಬಹುದು. ಕಡಲೆಕಾಳು ಮಾತ್ರ ನಿಜ.

ಆ ಕಡಲೆಕಾಳಿನ ನಂತರವೇ ಅಂಗರಚನಾ ವಿಭಾಗದ ಮುಖ್ಯಸ್ಥರು ಸಭೆ ಕರೆದದ್ದು. ನಾವು ಅವರನ್ನು ಬರೀ ಸರ್ ಎನ್ನುತ್ತೇವೆ. ಪುಣೆಯ ಕಡೆಯವರು, ಕನ್ನಡ ಬಾರದು, ಬರಬೇಕೆಂದು ಅನ್ನಿಸಿದ್ದೂ ಇಲ್ಲ. ಮೂಳೆಗಳನ್ನೆಲ್ಲ ಕಂಪ್ಯೂಟರಿಗೆ ಹಾಕಿಬಿಡಿ, ಮಕ್ಕಳು ಫೋನಿನಲ್ಲೇ ತಿರುಗಿಸಿ ನೋಡಲಿ, ಕಳೆಯುವ ಪ್ರಶ್ನೆಯೇ ಇಲ್ಲ ಎಂದರು. ಯಾರು ಹಾಕಬೇಕು? ಎಲ್ಲರೂ ನನ್ನ ಕಡೆ ನೋಡಿದರು. ಮೂಳೆ ಇರುವುದು ಗ್ರಂಥಾಲಯದಲ್ಲಿ, ಸರ್ವರ್ ಇರುವುದು ಗ್ರಂಥಾಲಯದ ಹಳೇ ಪೇಪರ್ ಕೋಣೆಯಲ್ಲಿ, ಕೆಲಸವಿಲ್ಲದೆ ಕೂತಿರುವುದೂ ಗ್ರಂಥಾಲಯದವರೇ ಎನ್ನುವುದು ಕಾಲೇಜಿನ ಸಾರ್ವತ್ರಿಕ ನಂಬಿಕೆ.

ಕೆಲಸ ಹೇಳುವಷ್ಟು ಗಂಭೀರವಾದದ್ದಲ್ಲ. ಬೇಕರಿಯವರು ಕೇಕ್ ಇಟ್ಟು ತಿರುಗಿಸುವ ತಟ್ಟೆಯೊಂದನ್ನು ತಂದೆವು. ಅದರ ಮೇಲೆ ಮೂಳೆ ಇಟ್ಟು, ಸ್ವಲ್ಪ ಸ್ವಲ್ಪ ತಿರುಗಿಸುತ್ತ ಎಲ್ಲ ಕಡೆಯಿಂದ ಫೋಟೊ ತೆಗೆಯುವುದು. ಸಾಫ್ಟ್‌ವೇರ್ ಅವನ್ನೆಲ್ಲ ಹೊಲಿದು ಒಂದು ಮೂಳೆ ಮಾಡುತ್ತದೆ. ಆಮೇಲೆ ನನ್ನ ನಿಜವಾದ ಕೆಲಸ: ಪ್ರತಿ ಮೂಳೆಗೂ ಒಂದು ಪುಟ. ಹೆಸರು ಇಂಗ್ಲಿಷಿನಲ್ಲಿ, ಮರಾಠಿಯಲ್ಲಿ, ಕನ್ನಡದಲ್ಲಿ. ಕನ್ನಡ ಯಾಕೆ ಎಂದು ಸರ್ ಕೇಳಿದಾಗ, ಅರ್ಧ ಮಕ್ಕಳು ಮನೆಯಲ್ಲಿ ಅದರಲ್ಲೇ ಬೈಸಿಕೊಳ್ಳುತ್ತಾರೆ ಎಂದೆ. ಆಮೇಲೆ ಎಡವೋ ಬಲವೋ, ಗಂಡೋ ಹೆಣ್ಣೋ. ಕೊನೆಗೆ ಎರಡು ಖಾನೆ: ಯಾರದು? ಕೊಟ್ಟವರ ಒಪ್ಪಿಗೆ ಇದೆಯೇ?

ಆ ಎರಡು ಖಾನೆಗಳ ಮುಂದೆ ನಾನು ಪ್ರತಿ ಸಲವೂ ‘ಗೊತ್ತಿಲ್ಲ’ ಎಂದು ಬರೆದೆ. ಒಂದೊಂದು ಮೂಳೆಗೂ. ಪುಸ್ತಕವೊಂದು ಲೇಖಕನಿಲ್ಲದೆ ಬಂದರೆ ನಾವು ಗ್ರಂಥಪಾಲಕರು ಎಷ್ಟು ಒದ್ದಾಡುತ್ತೇವೆ! ಇಲ್ಲಿ ಒಂದು ಕಪಾಟು ತುಂಬ ಜನ ಇದ್ದರು, ಒಬ್ಬರ ಹೆಸರೂ ಇಲ್ಲ, ಒಬ್ಬರನ್ನೂ ಕೇಳಿಲ್ಲ. ಹಳೆಯ ಕಾಲದಲ್ಲಿ ಯಾವುದೋ ಅಂಗಡಿಯಿಂದ ಕೊಂಡದ್ದು ಎನ್ನುವುದೊಂದೇ ಮಾಹಿತಿ. ಇದರ ಬಗ್ಗೆ ನನಗೆ ನಿದ್ದೆ ಬರಲಿಲ್ಲ ಎಂದು ಬರೆದರೆ ನನ್ನ ಮೇಲೆ ಗೌರವ ಹೆಚ್ಚಬಹುದು. ಚೆನ್ನಾಗಿ ಬಂತು. ಹಗಲು ಕೂತು ಟೈಪ್ ಮಾಡುವಾಗ ಮಾತ್ರ ಬೆರಳು ತಡೆಯುತ್ತಿತ್ತು.

ಬಿಡಿ ಮೂಳೆಗಳು ಮುಗಿದ ಮೇಲೆ ಇಡೀ ಅಸ್ಥಿಪಂಜರದ ಸರದಿ. ತಂತಿಯಿಂದ ಪೋಣಿಸಿದ ಹಳೆಯ, ನಿಜವಾದ ಮೂಳೆಯ ಅಸ್ಥಿಪಂಜರ. ಅದನ್ನು ತೂಗುಹಾಕುವ ಕಬ್ಬಿಣದ ಕಂಬ ತುಕ್ಕು ಹಿಡಿದು ಮುರಿದಿತ್ತು. ಕೇಕಿನ ತಟ್ಟೆ ಸಾಲುವುದಿಲ್ಲ. ನನ್ನ ತಿರುಗುವ ಕುರ್ಚಿಯಲ್ಲಿ ಕೂಡಿಸೋಣ ಎಂದೆ. ಕೂಡಿಸಿದೆವು. ಕುರ್ಚಿ ತಿರುಗಿಸಿದರೆ ಕಾಲುಗಳು ಜೋತಾಡಿ ಒಂದಕ್ಕೊಂದು ಬಡಿದುಕೊಂಡವು.

‘ಮ್ಯಾಡಮ್, ಕಾಲ ಜೋಲಾಡ್ಲಿಕತ್ತಾವ. ಫೋಟೊ ಸಾಫ್ ಬರಂಗಿಲ್ಲ’ ಎಂದ ಸಹಾಯಕ.

‘ದಾರದಿಂದ ಕಟ್ಟು.’

‘ಕಟ್ಟೋದು ಯಾಕ್ರೀ? ಮಡಚಿ ಕೂಡಸಿದ್ರ ಆಯ್ತಲ್ಲ.’

ಅವನು ಎರಡೂ ಕಾಲು ಮಡಚಿ ಚಕ್ಕಳಬಕ್ಕಳ ಹಾಕಿಸಿದ. ಬಲಗೈಯನ್ನು ಮಂಡಿಯ ಮೇಲಿಟ್ಟ. ಎಡಗೈಯನ್ನು ಮಡಿಲಿಗೆ ತಂದು, ಅಂಗೈ ಮೇಲೆ ಮಾಡಿ, ಬೆರಳುಗಳನ್ನು ಸ್ವಲ್ಪ ಬಾಗಿಸಿದ, ಅಂಗೈಯಲ್ಲಿ ಏನೋ ಇದೆ ಎನ್ನುವ ಹಾಗೆ. ಹಿಂದೆ ಸರಿದು ನೋಡಿದ. ‘ಹಾಂ, ಈಗ ಸರಿ ಕಾಣ್ತಾನ.’

ನನಗೂ ಸರಿ ಕಂಡಿತು. ಕೊರಳಲ್ಲಿ ಲಿಂಗ ಕಟ್ಟಿಕೊಳ್ಳುವ ನಮ್ಮ ಮನೆಗಳಲ್ಲಿ ಸತ್ತವರನ್ನು ಸುಡುವುದಿಲ್ಲ, ಮಲಗಿಸುವುದೂ ಇಲ್ಲ. ಕಾಲು ಮಡಚಿ ಕೂಡಿಸಿ, ಎಡ ಅಂಗೈಯಲ್ಲಿ ಲಿಂಗವಿಟ್ಟು, ವಿಭೂತಿ ಹಚ್ಚಿ, ಕೂತ ಹಾಗೇ ಹೊಲದಲ್ಲಿ ತೋಡಿದ ಕುಣಿಯ ಗೂಡಿನೊಳಗೆ ಇಳಿಸುತ್ತೇವೆ. ನಾನು ಹುಟ್ಟಿ ಬೆಳೆದ ಉಮರ್ಗಾದಲ್ಲಿ ನೋಡಿದ ಮೊದಲ ಹೆಣ ಕೂತಿತ್ತು. ಆಮೇಲೆ ನೋಡಿದವೂ ಹೆಚ್ಚಿನವು ಕೂತೇ ಇದ್ದವು. ಸತ್ತವನೊಬ್ಬ ಎದ್ದು ನಿಂತಿರಬೇಕು ಎನ್ನುವುದು ನಮ್ಮಿಬ್ಬರಿಗೂ ಹೊಳೆಯಲೇ ಇಲ್ಲ. ಫೋಟೊ ತೆಗೆದು, ಕುರ್ಚಿಯನ್ನು ಅಳಿಸಿ, ಅವನನ್ನು ಗಾಳಿಯಲ್ಲಿ ಕೂಡಿಸಿ, ಸರ್ವರ್‌ಗೆ ಹಾಕಿದೆವು. ಮಕ್ಕಳು ನೋಡಿದರು. ಅವರೂ ಬಹುಪಾಲು ಈ ಕಡೆಯವರೇ. ಒಬ್ಬರೂ ಏನೂ ಅನ್ನಲಿಲ್ಲ.

ಅಂದವರು ಸರ್. ದೊಡ್ಡ ಊರಿನಿಂದ ತಪಾಸಣೆಗೆ ಬಂದ ಸಮಿತಿಯವರ ಮುಂದೆ ಪರದೆಯ ಮೇಲೆ ತೆರೆದು, ಅವನು ಪ್ರತ್ಯಕ್ಷನಾದ ಕೂಡಲೇ ನನ್ನತ್ತ ತಿರುಗಿ, ‘ಹಾ ಕಾ ಬಸ್ಲಾಯ್?’ ಎಂದರು. ಇವನ್ಯಾಕೆ ಕೂತಿದ್ದಾನೆ?

ಆ ಕ್ಷಣದಲ್ಲಿ ನಾನೊಂದು ಚುರುಕಾದ ಉತ್ತರ ಕೊಟ್ಟೆ ಎಂದು ಉಮರ್ಗಾದ ನನ್ನ ಅಕ್ಕನಿಗೆ ಹೇಳಿದ್ದೇನೆ. ಅವಳು ಅದನ್ನು ಊರೆಲ್ಲ ಹೇಳಿದ್ದಾಳೆ. ನಿಜವಾಗಿ ನಾನು, ‘ಸುಸ್ತಾಗಿತ್ತು ಸರ್’ ಎಂದೆ. ಯಾರಿಗೆ ಸುಸ್ತಾಗಿತ್ತು ಎಂದು ಅವರೂ ಕೇಳಲಿಲ್ಲ. ಸಮಿತಿಯ ಒಬ್ಬರು ನಕ್ಕರು. ಅಂಗರಚನೆಯಲ್ಲಿ ಮನುಷ್ಯ ನಿಂತಿರಬೇಕು, ಅಂಗೈ ಮುಂದಕ್ಕೆ, ಮುಖ ಎದುರಿಗೆ. ಅದು ಜಗತ್ತಿಗೇ ಒಂದು ನಿಯಮ ಎಂದು ಸರ್ ಆಮೇಲೆ ತಿಳಿಸಿ ಹೇಳಿದರು. ಏನಾದರೂ ಕೊಡಿ ಎಂದು ಕಾದು ನಿಂತ ಹಾಗೆ ಕಾಣುತ್ತದೆ ಎಂದು ನನಗನ್ನಿಸಿತು. ಹೊಸ ಕಂಬ ಬಂತು, ನಿಲ್ಲಿಸಿ ಮತ್ತೆ ಫೋಟೊ ತೆಗೆದೆವು. ಕೂತವನನ್ನು ಅಳಿಸಲು ಹೇಳಿದರು. ಗ್ರಂಥಪಾಲಕರು ಅಳಿಸುವುದಿಲ್ಲ, ಬೇರೆ ಕಪಾಟಿಗೆ ಸರಿಸುತ್ತಾರೆ. ಬಳಕೆಯಿಂದ ಹಿಂತೆಗೆದದ್ದು ಎಂದು ಚೀಟಿ ಹಾಕಿ ಇಟ್ಟುಕೊಂಡೆ.

ಇಷ್ಟು ಹೇಳಿದ್ದು ಮಾಮನಿಗಾಗಿ.

ಮಾಮ ನನ್ನ ತಾಯಿಯ ತಮ್ಮ. ಔರಾದ ಶಹಾಜನಿಯ ಹತ್ತಿರ ಹೊಲ, ಮನೆ. ಎಷ್ಟೋ ವರ್ಷದ ಹಿಂದೆ ಟ್ರ್ಯಾಕ್ಟರಿನ ಟ್ರಾಲಿ ಮಗುಚಿ ಬಲ ಮೊಣಕಾಲು ನುಚ್ಚಾಗಿತ್ತು. ಕೀಲು ಉಳಿಯುವುದಿಲ್ಲ ಎಂದು ಡಾಕ್ಟರು ತೊಡೆಮೂಳೆಯನ್ನೂ ಕೆಳಕಾಲಿನ ಮೂಳೆಯನ್ನೂ ಸೇರಿಸಿ ಸ್ಕ್ರೂ ಜಡಿದು ಒಂದು ಮಾಡಿಬಿಟ್ಟರು. ಅಂದಿನಿಂದ ಆ ಕಾಲು ಮಡಚುವುದಿಲ್ಲ. ಸೊಂಟದ ಹತ್ತಿರವೂ ಸ್ವಲ್ಪ ಹೊರಳಿದ್ದರಿಂದ, ಕೂತರೆ ಅದು ಬಲಕ್ಕೆ ವಾರೆಯಾಗಿ ಚಾಚಿಕೊಳ್ಳುತ್ತದೆ. ಮನೆಯಲ್ಲಿ ಅದನ್ನು ಎಡವದವರಿಲ್ಲ. ಎಡವಿದವರನ್ನೇ ಮಾಮ ಬೈಯುತ್ತಾನೆ.

ಉದಗೀರದ ಮೋಂಢಾಕ್ಕೆ, ಅಂದರೆ ಧಾನ್ಯದ ಪೇಟೆಗೆ, ತೊಗರಿ ತಂದಾಗೆಲ್ಲ ಅವನು ಫ್ಯಾನಿನ ಗಾಳಿಗಾಗಿ ಗ್ರಂಥಾಲಯಕ್ಕೆ ಬರುತ್ತಾನೆ. ಆ ದಿನ ಗಾಳಿ ಹಿತವಾಗಿತ್ತು ಎಂದು ಬರೆಯಬಹುದು. ಕರೆಂಟೇ ಇರಲಿಲ್ಲ. ಅವನ ಹೊತ್ತು ಹೋಗಲಿ ಎಂದು ಟ್ಯಾಬಿನಲ್ಲಿ ನಮ್ಮ ಕೂತವನನ್ನು ತೆರೆದು ಕೈಗೆ ಕೊಟ್ಟೆ. ಬೆರಳಿನಿಂದ ತಿರುಗಿಸುವುದನ್ನು ತೋರಿಸಿದೆ.

‘ಯಾರಿಂವಾ?’

‘ನಮ್ಮ ಲೈಬ್ರರಿಯಂವಾ, ಮಾಮಾ.’

‘ಛಲೋ ಕೂತಾನ. ಮದವಿ ಪಂಕ್ತಿಗಿ ಕೂತಂಗ. ಊಟಾನೂ ಹಾಕ್ತೀರೇನು?’

ನಕ್ಕ. ತಿರುಗಿಸಿದ. ಹಿಂದಿನಿಂದ ನೋಡಿದ, ಕೆಳಗಿನಿಂದ ನೋಡಿದ. ಆಮೇಲೆ ಮಡಚಿದ ಮಂಡಿಯನ್ನು ದೊಡ್ಡದು ಮಾಡಿಕೊಂಡು ನೋಡಿದ.

‘ನನ್ನ ಕಾಲ ಹಿಂಗ ಮಡಚಂಗಿಲ್ಲ’ ಎಂದ.

‘ಗೊತ್ತದ ಮಾಮಾ.’

‘ನಿನಗ ಗೊತ್ತದ. ನನ್ನ ಹೊತಗೊಂಡ ಹೋಗೋರಿಗಿ ಗೊತ್ತಿರತದೇನು?’

ಅವನ ಬಾಜೂ ಹೊಲದವರ ಮನೆಯ ಮುದುಕ ಹಾಸಿಗೆ ಹಿಡಿದು, ಕಾಲು ನೆಟ್ಟಗೆ ಸೆಟೆದುಕೊಂಡು ಸತ್ತಿದ್ದನಂತೆ. ಕೂಡಿಸಲು ನಾಲ್ಕು ಜನ ಹೆಣಗಿದರಂತೆ. ‘ಒಬ್ಬ ಹೆಗಲ ಹಿಡದ, ಒಬ್ಬ ಮಣಕಾಲ ಮ್ಯಾಲ ಭಾರ ಹಾಕಿದ. ಕಟಕ್ ಅಂತು. ಎಲ್ಲಾರೂ ಕೇಳಿಸೇ ಇಲ್ಲ ಅನ್ನೋರಂಗ ಮಂತ್ರ ಜೋರು ಮಾಡಿದ್ರು. ನನಗ ಕೇಳಸ್ತು.’ ಅವನು ತನ್ನ ಕಾಲಿನ ಮೇಲೆ ಕೈ ಇಟ್ಟುಕೊಂಡ. ‘ಇದರ ಸಲುವಾಗಿ ಎಷ್ಟ ಅತ್ತೀನಿ ನಾ. ಡಾಕ್ಟರು ಎಲುಬ ಕೂಡಿಸಿ ಕೊಟ್ಟಾರ. ಮತ್ತ ಮುರಸ್ಕೋಬೇಕಾ?’

ಸತ್ತ ಮೇಲೆ ನೋವಾಗುವುದಿಲ್ಲ ಎನ್ನುವ ಮಾತು ನನ್ನ ನಾಲಿಗೆಯ ತುದಿಗೆ ಬಂದಿತ್ತು. ಅದನ್ನು ಅಂದೆನೋ ನುಂಗಿದೆನೋ ತಿಳಿಯದು. ಅಂದಿದ್ದರೂ ಅವನು ಕೇಳಿಸಿಕೊಳ್ಳುವವನಲ್ಲ.

‘ನಿಮ್ಮ ಕಾಲೇಜದಾಗ ಹ್ಯಾಂಗ? ಉದ್ದಕ ಮಲಗಸ್ತಾರಲ್ಲ?’

‘ಹೌದು. ಟೇಬಲ್ ಮ್ಯಾಲ.’

‘ಮತ್ತ ಆಯ್ತಲ್ಲ! ನನ್ನ ಹೆಸರ ಬರಕೋ.’

‘ಮಾಮಾ, ಅಲ್ಲಿ ಕೊಯ್ತಾರ.’

‘ಕೊಯ್ಲಿ. ಮುರಿಯಂಗಿಲ್ಲಲ್ಲ?’

ನನಗೆ ಆಗ ಆದದ್ದು ಶುದ್ಧ ಲೋಭ. ಬೇರೆ ಶಬ್ದವಿಲ್ಲ. ಕಪಾಟು ತುಂಬ ಹೆಸರಿಲ್ಲದವರನ್ನು ಇಟ್ಟುಕೊಂಡು ‘ಗೊತ್ತಿಲ್ಲ, ಗೊತ್ತಿಲ್ಲ’ ಎಂದು ಟೈಪ್ ಮಾಡಿ ಸವೆದ ಗ್ರಂಥಪಾಲಕಿಯ ಮುಂದೆ ಒಬ್ಬ ಮನುಷ್ಯ ತಾನಾಗಿ ಕೂತು, ಕಾಲು ಚಾಚಿಕೊಂಡು, ನನ್ನನ್ನು ತಗೋ ಎನ್ನುತ್ತಿದ್ದ. ಸ್ವಂತ ಮಾಮನನ್ನು ಹೊಸ ಪುಸ್ತಕದ ಹಾಗೆ ನೋಡಿದೆ.

ಸರ್ ಬಳಿ ಓಡಿದೆ. ಅವರು ತಣ್ಣಗೆ ಹೇಳಿದರು: ದೇಹದಾನಕ್ಕೆ ಅವನು ಬರೆದುಕೊಟ್ಟರೆ ಸಾಲದು. ಸತ್ತ ಮೇಲೆ ದೇಹ ಮನೆಯವರ ಕೈಯಲ್ಲಿರುತ್ತದೆ. ಹೆಂಡತಿ ಒಲ್ಲೆ ಎಂದರೆ ನಾವು ಮುಟ್ಟುವುದಿಲ್ಲ. ಮೊದಲು ಅವರನ್ನು ಒಪ್ಪಿಸಿ.

ನಿಲಂಗಾದಲ್ಲಿ ಬಸ್ಸು ಬದಲಿಸಿ ಔರಾದಕ್ಕೆ ಹೋದೆ. ಮಾಮಿ ಅಂಗಳದಲ್ಲಿ ಮೊರದ ತುಂಬ ಜೋಳ ಹಾಕಿಕೊಂಡು ಕೇರುತ್ತಿದ್ದಳು. ನಾನು ಪೀಠಿಕೆ ಹಾಕಿ, ವಿಜ್ಞಾನ, ಮಕ್ಕಳ ಕಲಿಕೆ, ಪುಣ್ಯ ಎಂದೆಲ್ಲ ಮಾತಾಡುವಷ್ಟರಲ್ಲಿ ಮಾಮನೇ ಹಗ್ಗದ ಹೊರಸಿನ ಮೇಲಿಂದ ಕೂಗಿ ಹೇಳಿಬಿಟ್ಟ: ‘ಕಾಲೇಜಕ್ಕ ಹೋಗ್ತೀನಿ ನಾ. ಹೊಲಕ್ಕ ಬರಂಗಿಲ್ಲ.’

ಮೊರ ನಿಂತಿತು.

‘ಈ ವಯಸ್ಸಿನಾಗ ಕಾಲೇಜಾ?’ ಎಂದಳು ಮಾಮಿ. ಆಮೇಲೆ ವಿಷಯ ತಿಳಿಯಿತು. ತಿಳಿದ ಮೇಲೆ ನನ್ನ ಕಡೆ ತಿರುಗಿದಳು. ‘ಅವ್ವಾ, ನೀ ಪುಸ್ತಕ ಕಾಯೋ ನೌಕರಿ ಮಾಡ್ತಿ ಅಂತ ತಿಳಕೊಂಡಿದ್ದೆ. ಮನಷ್ಯಾರ ವ್ಯಾಪಾರ ಯಾವಾಗ ಚಾಲೂ ಮಾಡಿದಿ?’

‘ಮಾಮಿ, ಮಾಮಾನೇ ಕೇಳ್ಯಾರ...’

‘ಅವ್ರು ಕೇಳ್ತಾರ. ಮುಂಜಾನಿ ಒಂದ ಕೇಳ್ತಾರ, ಸಂಜಿಗಿ ಒಂದ ಕೇಳ್ತಾರ. ನಾ ಒಬ್ಬಾಕಿ ಹೊಲದಾಗ ಕೂತು ಏನ ಮಾಡ್ಲಿ? ಹಕ್ಕಿ ಓಡಸ್ಲ್ಯಾ?’

ಅವರ ಹೊಲದ ಮೂಲೆಯಲ್ಲಿ ಮನೆತನದವರೆಲ್ಲ ಕೂತಿದ್ದಾರೆ. ಮಾಮನ ತಂದೆ, ತಾಯಿ, ಅವರ ಮುಂದಿನವರು. ಒಬ್ಬೊಬ್ಬರ ಮೇಲೂ ಒಂದು ಸಣ್ಣ ಕಟ್ಟೆ. ಮುಂದಿನ ಸಾಲಿನಲ್ಲಿ ಎರಡು ಜಾಗ ಬಿಟ್ಟಿದೆ. ಎಡಕ್ಕೆ, ಬದುವಿನ ಪಕ್ಕದ್ದು ಮಾಮನದು; ಅವನ ಬಲಕ್ಕೆ ಮಾಮಿಯದು. ಮದುವೆಯಾಗಿ ಬಂದ ಹೊಸದರಲ್ಲೇ ಅವಳಿಗೆ ಅದನ್ನು ತೋರಿಸಿದ್ದರಂತೆ, ಅಡುಗೆಮನೆ ತೋರಿಸಿದ ಹಾಗೆ.

‘ಹಿಂದ ಅತ್ತಿ ಕೂತಾರ’ ಎಂದಳು ಮಾಮಿ. ‘ಜಿಂದಗಿಪೂರ್ತಿ ಅವರ ಕೂಡ ಕೂತದ್ದು ಸಾಕಾಗ್ಯಾದ. ಇವರು ಬಾಜೂಕ ಇರತಾರ ಅಂತ ಕಬೂಲ ಮಾಡೀನಿ. ಇವರ ಇಲ್ಲಂದ್ರ ನಾನೂ ಕೂಡಂಗಿಲ್ಲ. ನನ್ನೂ ಅದೇ ಟೇಬಲ್ ಮ್ಯಾಲ ಹಾಕು, ಇಬ್ಬರಿಗೂ ಕೂಡೇ ಕೊಯ್ರಿ.’

ಒಂದು ಕ್ಷಣ, ಒಂದೇ ಕ್ಷಣ, ನನ್ನ ಲೋಭ ಎರಡು ಎಂದು ಎಣಿಸಿತು. ಅವಳು ಅಳುತ್ತಿದ್ದಳು. ವಾಪಸು ಬಸ್ಸು ಹತ್ತಿದೆ.

ಅಷ್ಟಕ್ಕೇ ನಿಲ್ಲುತ್ತಿತ್ತು. ಆದರೆ ಮಾಮನ ಸೊಂಟ ನೋಯತೊಡಗಿ, ಡಾಕ್ಟರು ಉದಗೀರದಲ್ಲೇ ಸೊಂಟದಿಂದ ಪಾದದವರೆಗೆ ಸ್ಕ್ಯಾನ್ ಮಾಡಿಸಲು ಹೇಳಿದರು. ಸ್ಕ್ಯಾನಿನ ಡಿಸ್ಕನ್ನು ಮಾಮ ನೇರ ನನ್ನ ಮೇಜಿನ ಮೇಲೆ ತಂದಿಟ್ಟ. ‘ದೇಹ ಆಮ್ಯಾಲ ನೋಡಮು. ಸದ್ಯಕ್ಕ ಇದ ಇಟ್ಕೋ’ ಎಂದ, ಮುಂಗಡ ಕೊಡುವವನ ಹಾಗೆ.

ಇದು ಫೋಟೊ ಹೊಲಿಯುವ ಕೆಲಸವಲ್ಲ. ಸ್ಕ್ಯಾನಿನಲ್ಲಿ ಮನುಷ್ಯ ಸೌತೆಕಾಯಿ ಹೆಚ್ಚಿದ ಹಾಗೆ ಬಿಲ್ಲೆಬಿಲ್ಲೆಯಾಗಿ ಇರುತ್ತಾನೆ. ಒಂದೊಂದು ಬಿಲ್ಲೆಯಲ್ಲೂ ಮೂಳೆ ಯಾವುದು, ಮಾಂಸ ಯಾವುದು ಎಂದು ಗುರುತಿಸಿ ಬೇರೆ ಮಾಡಬೇಕು. ಸರ್ ಪಕ್ಕದಲ್ಲಿ ಕೂತು ಹೇಳಿಕೊಟ್ಟರು. ಅವರಿಗೆ ಆ ಮೊಣಕಾಲು ಬಹಳ ಇಷ್ಟವಾಯಿತು. ಇಂಥದ್ದು ಯಾವ ದೊಡ್ಡ ಸಂಗ್ರಹದಲ್ಲೂ ಸುಲಭವಾಗಿ ಸಿಗುವುದಿಲ್ಲ ಎಂದು ಎರಡು ಸಲ ಚಹಾ ತರಿಸಿದರು. ಪರದೆಯ ಮೇಲೆ ಮೆಲ್ಲಗೆ ಮೂಡಿದ್ದು ಮೊಣಕಾಲೇ ಅಲ್ಲ. ತೊಡೆಯಿಂದ ಕಣಕಾಲಿನವರೆಗೆ ಒಂದೇ ಮೂಳೆ, ನಡುವೆ ಮರದ ಗಂಟಿನ ಹಾಗೆ ಒಂದು ಉಬ್ಬು, ಅದರೊಳಗೆ ಸ್ಕ್ರೂಗಳು. ಮೊಣಕಾಲ ಚಿಪ್ಪು ಗಂಟಿನ ಮೇಲೆ ಕೂಡಿಕೊಂಡು ಬೆಳೆದಿತ್ತು.

ಒಪ್ಪಿಗೆಯ ಪತ್ರವನ್ನು ಮಾಮನಿಗೆ ಕನ್ನಡದಲ್ಲಿ ಓದಿ ಹೇಳಿದೆ. ಹೆಸರು ತೋರಿಸುವುದಿಲ್ಲ, ಚಿತ್ರವನ್ನು ಯಾವ ದೇಶದವರಾದರೂ ನೋಡಬಹುದು, ಬೇಡವೆನಿಸಿದರೆ ತೆಗೆಸಬಹುದು.

‘ಯಾವ ದೇಶದೋರಾದರೂ? ನನ್ನ ತೊಡಿ? ಧೋತರ ಇಲ್ಲದೇ?’

‘ಚರ್ಮಾನೇ ಇಲ್ಲ ಮಾಮಾ.’

‘ಹಂಗಾರ ನೋಡ್ಲಿ’ ಎಂದು ಸಹಿ ಮಾಡಿದ. ನಾನು ಪುಟ ತೆರೆದು, ‘ಯಾರದು’ ಎನ್ನುವಲ್ಲಿ ದಾನಿ ಗೊತ್ತು ಎಂದೂ, ‘ಒಪ್ಪಿಗೆ’ ಎನ್ನುವಲ್ಲಿ ಇದೆ ಎಂದೂ ಟೈಪ್ ಮಾಡಿದೆ. ನಮ್ಮ ಸಂಗ್ರಹದಲ್ಲಿ ಹಾಗೆ ಬರೆದ ಮೊದಲ ಪುಟ. ಸಹಾಯಕ ಇಣುಕಿ ನೋಡಿ, ‘ಪೇಢಾ ತರ್ಲೇನ್ರಿ?’ ಎಂದ.

ಪೇಢಾ ತಿಂದು ಮುಗಿದ ಮೇಲೂ ಮಾಮ ಎದ್ದು ಹೋಗಲಿಲ್ಲ. ‘ಇದ ಆಕಿಗಿ ತೋರಸು’ ಎಂದ. ‘ನಾ ಹೇಳಿದ್ರ ಹಟ ಅಂತಾಳ. ಇದ ನೋಡಿದ್ರ ಗೊತ್ತಾಗ್ತದ, ಮಡಚಲಾಕ ಜಾಗಾನೇ ಇಲ್ಲ ಅಂತ.’

ಹಾಗೆ ಎರಡನೇ ಸಲ ಔರಾದಕ್ಕೆ ಹೋದದ್ದು. ಮಾಮಿ ನನಗಿಂತ ಮುಂಚೆಯೇ ಸಿದ್ಧಳಾಗಿದ್ದಳು: ಮನೆತನದ ಅಯ್ಯನವರನ್ನು, ಅಂದರೆ ಹುಟ್ಟು ಸಾವುಗಳಿಗೆ ಬಂದು ಕ್ರಿಯೆ ಮಾಡಿಸುವ ಸ್ವಾಮಿಗಳನ್ನು, ನಿಲಂಗಾದಿಂದ ಕರೆಸಿದ್ದಳು. ಅವರು ಸ್ಕೂಟರಿನಲ್ಲಿ ಬಂದು, ಹೆಲ್ಮೆಟ್ ತೆಗೆದು, ವಿಭೂತಿ ಅಳಿಸಿಹೋಗಿದೆಯೇ ಎಂದು ಸ್ಕೂಟರಿನ ಕನ್ನಡಿಯಲ್ಲಿ ನೋಡಿಕೊಂಡು ಒಳಗೆ ಬಂದರು.

ಟ್ಯಾಬು ತೆರೆಯುವಾಗ ಬೆರಳು ತಪ್ಪಿ ಮೊದಲು ಬಂದದ್ದು ನಮ್ಮ ಕೂತವನು. ಅಯ್ಯನವರು ಟ್ಯಾಬನ್ನು ತಮ್ಮ ಹತ್ತಿರ ಎಳೆದುಕೊಂಡರು. ಇಲ್ಲಿ ನನ್ನ ಅಕ್ಕನ ಪ್ರಕಾರ ಅವರು ಟ್ಯಾಬನ್ನು ಮುಟ್ಟಲೇ ಇಲ್ಲ. ಅಕ್ಕ ಅಲ್ಲಿರಲಿಲ್ಲ.

‘ಯಾರ ಕೂಡಸ್ಯಾರ ಇವಗ?’

‘ನಮ್ಮ ಸಹಾಯಕ, ಅಯ್ನೋರ.’

‘ಹುಷಾರ ಇದ್ದಾನ. ಎಡಗೈ ಬರಾಬರಿ ಅದ’ ಎಂದರು. ಜಗತ್ತಿನ ನಿಯಮಕ್ಕೆ ವಿರುದ್ಧವಾಗಿ ಕೂತಿದ್ದಕ್ಕೆ ಹೊರಹಾಕಿಸಿಕೊಂಡವನಿಗೆ ಕೊನೆಗೂ ಒಬ್ಬ ಅಧಿಕಾರಿಯಿಂದ ಮೆಚ್ಚುಗೆ ಸಿಕ್ಕಿತು.

ಆಮೇಲೆ ಮಾಮನ ಕಾಲು ತೆರೆದೆ. ಮಾಮಿ ಕನ್ನಡಕ ಹಾಕಿಕೊಂಡು ಬಗ್ಗಿದಳು.

‘ಇದು ಇವರದಾ?’

‘ಹೌದು ಮಾಮಿ.’

‘ಒಳಗೂ ಇಷ್ಟೇ ಡೊಂಕ ಅದಾರಲ್ಲ!’

ಮಾಮ ಹೊರಸಿನ ಮೇಲಿಂದ ಏನೋ ಗೊಣಗಿದ, ಯಾರೂ ಕೇಳಿಸಿಕೊಳ್ಳಲಿಲ್ಲ. ನಾನು ಬೆರಳಿನಿಂದ ಕಾಲನ್ನು ತಿರುಗಿಸಿ ತಿರುಗಿಸಿ ತೋರಿಸಿದೆ. ಕೂತವನ ಮಂಡಿಯನ್ನು ಒಂದು ಬದಿಗೆ, ಮಾಮನ ಗಂಟನ್ನು ಇನ್ನೊಂದು ಬದಿಗೆ ಇಟ್ಟೆ. ಇಲ್ಲಿ ಎರಡು ಮೂಳೆ, ನಡುವೆ ಸಂದು; ಇಲ್ಲಿ ಒಂದೇ ಮೂಳೆ, ಸಂದಿಲ್ಲ. ಇದು ಮಡಚುವುದಿಲ್ಲ. ಒತ್ತಿದರೆ ಮುರಿಯುತ್ತದೆ, ಅಷ್ಟೇ. ಮಾಮಿಯ ಕೈ ಬಾಯಿಯ ಮೇಲೆ ಹೋಯಿತು. ಇಷ್ಟು ವರ್ಷ ಎಣ್ಣೆ ತಿಕ್ಕಿದ ಕಾಲಿನ ಒಳಗೆ ಸ್ಕ್ರೂಗಳಿದ್ದದ್ದು ಅವಳಿಗೆ ಗೊತ್ತಿತ್ತು, ಕಂಡದ್ದು ಈಗ.

ಅಯ್ಯನವರು ಗಂಟಲು ಸರಿಮಾಡಿಕೊಂಡರು. ‘ಪದ್ಧತಿ ಅಂತ ಒಂದದ, ಗೌಡ್ರ. ಕೂಡಸಬೇಕು.’

‘ಸಾಸ್ತೂರದಾಗ ಯಾರ್ನ ಕೂಡಿಸಿದ್ರು?’ ಎಂದ ಮಾಮ.

ಸಾಸ್ತೂರ ನಮ್ಮ ಕಡೆಯ ಊರು, ಭೂಕಂಪದಲ್ಲಿ ನೆಲಸಮವಾದದ್ದು. ಭೂಕಂಪವಾದ ಬೆಳಿಗ್ಗೆ ಮಾಮ ಇನ್ನೂ ಎರಡು ಕಾಲಿನ ಮನುಷ್ಯ. ಟ್ರಕ್ಕು ಹತ್ತಿ ಸಾಸ್ತೂರಕ್ಕೆ ಹೋಗಿ ಕಲ್ಲಿನ ಕೆಳಗಿಂದ ಜನರನ್ನು ಎಳೆದವನು. ಅದರ ಬಗ್ಗೆ ಅವನು ಮಾತಾಡಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ. ‘ನಮ್ಮವರೇ ಇದ್ರು. ಲಿಂಗ ಇತ್ತು ಕೊಳ್ಳಾಗ. ಹ್ಯಾಂಗ ಸಿಕ್ರು ಹಂಗೇ ಹಾಕಿದ್ವಿ. ಅವರೆಲ್ಲಾ ಎಲ್ಲಿ ಹೋದ್ರು, ಅಯ್ನೋರ? ಶಿವ ವಾಪಸ್ ಕಳಸಿದ್ನಾ?’

ಉತ್ತರ ಕೊಟ್ಟವಳು ಮಾಮಿ.

‘ಆವಾಗ ಬ್ಯಾರೆ ದಾರಿ ಇರಲಿಲ್ಲರೀ. ಈಗ ಅದ. ನಿಮಗ ಬ್ಯಾಡಾಗ್ಯಾದ.’ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿದಳು. ‘ಕಾಲ ಮುರೀಬ್ಯಾಡ ಅಂತ ನಾನೂ ಅಂತೀನಿ. ಅದಕ್ಕ ಊರೇ ಬಿಟ್ಟು ಹೋಗಬೇಕಾ? ಏನ್ರೀ ಅಯ್ನೋರ, ಕೂಡೋದಂದ್ರ ಕುಂಡಿ ಕೂತ್ರ ಸಾಲದಾ? ಕಾಲೂ ಕೂಡಬೇಕಾ?’

ಅಯ್ಯನವರು ಫೋನ್ ತೆಗೆದು ಹೊರಗೆ ಹೋದರು. ತಮಗಿಂತ ಹಿರಿಯರೊಬ್ಬರಿಗೆ ಫೋನ್ ಹಚ್ಚಿ ಬಹಳ ಹೊತ್ತು ‘ಹೌದ್ರಿ, ಇಲ್ರಿ, ಒಂದೇ ಎಲುಬ ರೀ, ನಾ ಕಣ್ಣಾರೆ ನೋಡೀನಿ’ ಎನ್ನುವುದು ಕೇಳಿಸಿತು. ಒಳಗೆ ಬಂದವರು ಟ್ಯಾಬನ್ನು ಮತ್ತೆ ಬೇಡಿದರು. ಕಾಲು ಎಷ್ಟು ವಾರೆ ಹೋಗುತ್ತದೆ, ಎಷ್ಟು ಉದ್ದ ಬೇಕಾಗುತ್ತದೆ ಎಂದು ಕೇಳಿದರು. ನಮ್ಮ ಪುಟದಲ್ಲಿ ಅಳತೆಯೂ ಇತ್ತು, ಕೋನವೂ ಇತ್ತು; ಸರ್ ಅದನ್ನು ವಿದ್ಯಾರ್ಥಿಗಳಿಗಾಗಿ ಹಾಕಿಸಿದ್ದರು. ಹೇಳಿದೆ. ಅಯ್ಯನವರು ತೀರ್ಪು ಕೊಟ್ಟರು: ಎಡಗಾಲು ಮಡಚಿ ಕೂಡಿಸುವುದು, ಬಲಗಾಲು ಚಾಚಿಯೇ ಇರಲಿ. ಕುಣಿಯ ಗೂಡಿಗೆ ಬಲಕ್ಕೆ ಒಂದು ಓಣಿ ತೋಡಿದರೆ ಆಯಿತು.

‘ಬಲಕ್ಕಾ?’ ಎಂದಳು ಮಾಮಿ.

‘ಬಲಕ್ಕ.’

‘ಬಲಕ್ಕ ನಾ ಇರತೀನಿ.’

ಮಾಮ ಚಾವಣಿ ನೋಡುತ್ತಿದ್ದ.

‘ಜಿಂದಗಿಪೂರ್ತಿ ಎಡವೀನಿ ಈ ಕಾಲ’ ಎಂದಳು ಮಾಮಿ. ‘ಮಣ್ಣಾಗ ಹೋದಮ್ಯಾಲೂ ನನ್ನ ಕಡೀಗೇ ಚಾಚ್ತಾರಾ?’

‘ಅದಕ್ಕೇ ಅಂದೆ ನಾ, ಕಾಲೇಜಕ್ಕ...’

‘ನೀವ ಸುಮ್ಮ ಕೂಡ್ರಿ.’ ಅವಳು ಎದ್ದಳು. ‘ಜಾಗ ಬದಲಿ ಮಾಡಮು. ಇವರು ಆ ಕಡೆ ಹೋಗ್ಲಿ, ಬಯಲಿಗಿ, ಬೇಕಾದಷ್ಟು ಚಾಚ್ಲಿ. ಬದುವಿನ ಕಡೆ ನಾ ಕೂಡ್ತೀನಿ.’

ನಿಂತಲ್ಲೇ ತೀರ್ಮಾನವಾದರೂ ಅವಳಿಗೆ ಸಮಾಧಾನವಾಗಲಿಲ್ಲ. ಕಣ್ಣಾರೆ ನೋಡಬೇಕಿತ್ತು. ಮಾಮನನ್ನು ಹೊರಸಿನಿಂದ ಇಳಿಸಿ ಅಂಗಳದಲ್ಲಿ ಕೂಡಿಸಿದಳು. ಎಡಗಾಲು ಮಡಚಿಸಿದಳು. ಬಲಗಾಲು ತಾನಾಗಿ ವಾರೆಯಾಗಿ, ಅಯ್ಯನವರ ಸ್ಕೂಟರಿನ ಕಡೆ ಚಾಚಿಕೊಂಡಿತು. ಅಯ್ಯನವರು ಸ್ಕೂಟರನ್ನು ಹಿಂದಕ್ಕೆ ಸರಿಸಿದರು. ಮಾಮಿ ಅವನ ಎಡಕ್ಕೆ ಹೋಗಿ, ಸೀರೆ ಸರಿಮಾಡಿಕೊಂಡು, ಚಕ್ಕಳಬಕ್ಕಳ ಹಾಕಿ ಕೂತಳು. ಇಬ್ಬರೂ ಎದುರಿಗೆ, ಏನೂ ಇಲ್ಲದ ಗೋಡೆಯ ಕಡೆ ನೋಡುತ್ತ ಸ್ವಲ್ಪ ಹೊತ್ತು ಇದ್ದರು. ನಾನು ಟ್ಯಾಬಿನಲ್ಲಿ ಫೋಟೊ ತೆಗೆಯಲು ಹೋದೆ.

‘ಏಯ್, ಅದ ಕೆಳಗಿಡು’ ಎಂದಳು ಮಾಮಿ. ‘ಕಾಲ ಕೊಟ್ಟೀವಿ ನಿಮಗ, ಸಾಕು. ಮನಷ್ಯಾ ನನ್ನಂವಾ.’

ಕೆಳಗಿಟ್ಟೆ.

‘ಕಟಕ್ ಅನ್ನಂಗಿಲ್ಲಲ್ಲ?’ ಎಂದು ಮಾಮ ಗೋಡೆಯ ಕಡೆ ನೋಡುತ್ತಲೇ ಕೇಳಿದ.

‘ಅಂದ್ರ ನಾ ಬಾಜೂಕೇ ಇರತೀನಲ್ಲ, ಎದ್ದು ಬಡೀತೀನಿ ಅವರಿಗೆಲ್ಲ’ ಎಂದು ಮಾಮಿ, ಮೊಣಕೈಯಿಂದ ಅವನನ್ನು ತಿವಿದು, ‘ಜರಾ ಆ ಕಡೆ ಸರೀರಿ, ನನಗ ಜಾಗ ಸಾಲವಲ್ದು’ ಎಂದಳು.